ನಿಮ್ಮ ಊರಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ?

ತುಂಗೆಯ ಮಗಳು, ಸ್ಟುಟ್‌ಗಾರ್ಟ್

ಅಮ್ಮ ಮೂರು ತಿಂಗಳು ಇರಲೆಂದು ತೀರ್ಥಹಳ್ಳಿಯಿಂದ ಬಂದಿದ್ದಾರೆ. ಬಂದ ಮಾರನೇ ದಿನ ಸ್ನಾನ ಮುಗಿಸಿ, ಹಿಂಡಿದ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲ ಒಂದು ಸುತ್ತು ಬಂದರು. ಅಡುಗೆಮನೆ, ಹಾಲ್, ಬಾಲ್ಕನಿ. ಕೊನೆಗೆ ನನ್ನ ಹತ್ತಿರ ನಿಂತು ಕೇಳಿದರು: "ಇಲ್ಲಿ ಬಟ್ಟೆ ಎಲ್ಲಿ ಹರವುವುದೇ?"

ನಮ್ಮಲ್ಲಿರುವುದು ಮಡಚಿ ಇಡುವ ಸ್ಟ್ಯಾಂಡ್. ಅದರ ಸರಳು ಒಂದೊಂದೂ ಒಂದು ಮೀಟರ್‌ಗಿಂತ ಚೂರು ಜಾಸ್ತಿ ಅಷ್ಟೇ. ಐದೂವರೆ ಮೀಟರ್ ಸೀರೆಯನ್ನು ಎಂಟು ಪದರ ಮಾಡಿ ಅದರ ಮೇಲೆ ಹಾಕಿದೆವು. ಸಂಜೆ ಮುಟ್ಟಿ ನೋಡಿದರೆ ಹೊರಗಿನ ಪದರ ಒಣಗಿದೆ, ಒಳಗೆ ಇನ್ನೂ ತಣ್ಣಗೆ ಹಸಿ ಹಸಿ. ಮಾರನೇ ಬೆಳಿಗ್ಗೆ ಅಮ್ಮ ಅದನ್ನು ಮೂಗಿಗೆ ಹಿಡಿದು, "ಮುಗ್ಗಲು ವಾಸನೆ ಬಂತು" ಎಂದು ಮತ್ತೆ ನೀರಿಗೆ ಹಾಕಿದರು.

ಬಾಲ್ಕನಿಯಲ್ಲಿ ಹಗ್ಗ ಕಟ್ಟೋಣ ಎಂದರೆ, ರೇಲಿಂಗ್‌ಗಿಂತ ಮೇಲೆ ಬಟ್ಟೆ ಕಾಣಬಾರದು ಎಂದು ಬಾಡಿಗೆ ಪತ್ರದ ಜೊತೆ ಕೊಟ್ಟ ನಿಯಮಗಳಲ್ಲಿ ಬರೆದಿದೆ. ಭಾನುವಾರ ಇಲ್ಲಿ ಸದ್ದು ಮಾಡಬಾರದ ದಿನ, ನಮ್ಮ ಕಟ್ಟಡದಲ್ಲಿ ಅವತ್ತು ಯಾರೂ ಮಷಿನ್ ಹಾಕುವುದಿಲ್ಲ. ಮನೆಯೊಳಗೆ ಒಣಗಿಸಿದರೆ ಗೋಡೆ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೇ ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು, ಚಳಿಗಾಲದಲ್ಲೂ. ಇಷ್ಟು ವರ್ಷ ನಾನು ಇದನ್ನೆಲ್ಲ ಯೋಚನೆ ಮಾಡದೆ ಮಾಡುತ್ತಿದ್ದೆ. ಅಮ್ಮ ಒದ್ದೆ ಸೀರೆ ಹಿಡಿದು ಪೆಚ್ಚಾಗಿ ನಿಂತದ್ದನ್ನು ನೋಡಿದ ಮೇಲೆ ಮನಸ್ಸಿನಿಂದ ಹೋಗುತ್ತಿಲ್ಲ.

ನೀವೆಲ್ಲ ಒಬ್ಬೊಬ್ಬರು ಒಂದೊಂದು ದೇಶದಲ್ಲಿದ್ದೀರಿ. ನಿಮ್ಮಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ, ಹೇಳಿ.

ಹಾವೇರಿ ಹುಡುಗ, ಉಪ್ಸಾಲಾ

ಅಕ್ಕಾ, ನಮ್ಮ ಮನೆಯೊಳಗೆ ವಾಷಿಂಗ್ ಮಷಿನ್ನೇ ಇಲ್ಲ. ಸ್ವೀಡನ್ನಿನ ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ಇಡೀ ಕಟ್ಟಡಕ್ಕೆ ಸೇರಿ ಒಂದು ಒಗೆಯುವ ಕೋಣೆ ಇರುತ್ತದೆ, ಹೆಚ್ಚಾಗಿ ನೆಲಮಾಳಿಗೆಯಲ್ಲಿ. ತ್ವೆತ್‌ಸ್ಟೂಗ ಎನ್ನುತ್ತಾರೆ. ಬಾಗಿಲ ಪಕ್ಕ ಗೋಡೆಗೆ ಒಂದು ಹಲಗೆ. ತಿಂಗಳ ಪ್ರತಿ ತಾರೀಖಿಗೂ, ಪ್ರತಿ ಹೊತ್ತಿಗೂ ಅದರಲ್ಲಿ ಒಂದೊಂದು ತೂತು. ಪ್ರತಿ ಮನೆಗೂ ನಂಬರ್ ಹಾಕಿದ ಸಣ್ಣ ಬೀಗ. ನಿಮಗೆ ಬೇಕಾದ ಹೊತ್ತಿನ ತೂತಿಗೆ ನಿಮ್ಮ ಬೀಗ ಸಿಕ್ಕಿಸಿದರೆ ಆ ಹೊತ್ತು ಕೋಣೆ ನಿಮ್ಮದು. ಈಗ ತುಂಬ ಕಡೆ ಮೊಬೈಲಿನಲ್ಲೇ ಬುಕ್ ಮಾಡುತ್ತಾರೆ, ನಮ್ಮಲ್ಲಿ ಇನ್ನೂ ಬೀಗ ಇದೆ.

ಒಣಗಿಸುವುದಕ್ಕೆ ಪಕ್ಕದಲ್ಲೇ ಇನ್ನೊಂದು ಕೋಣೆ. ಸಾಲಾಗಿ ಹಗ್ಗ, ಮೂಲೆಯಲ್ಲಿ ಬಿಸಿಗಾಳಿ ಊದುವ ಫ್ಯಾನ್. ಜೊತೆಗೆ ಬೀರುವಿನ ಹಾಗೆ ಎತ್ತರದ ಒಂದು ಕಪಾಟು, ಅದರೊಳಗೆ ಬಟ್ಟೆ ನೇತುಹಾಕಿ ಬಾಗಿಲು ಮುಚ್ಚಿದರೆ ಬಿಸಿಗಾಳಿಯಲ್ಲಿ ಒಣಗುತ್ತದೆ.

ಹೋಗುವಾಗ ಜಾಲರಿಯಲ್ಲಿ ಸೇರಿದ ನೂಲಿನ ಜುಂಗು ತೆಗೆದು, ನೆಲ ಒರೆಸಿ ಹೋಗಬೇಕು. ಮಾಡದಿದ್ದರೆ ಗೋಡೆಗೆ ಚೀಟಿ ಬೀಳುತ್ತದೆ. ಹೆಸರಿಲ್ಲದ, ಬಹಳ ಮರ್ಯಾದೆಯಿಂದ ಬರೆದ, ಸಿಟ್ಟಿನ ಚೀಟಿ.

ಬಂದ ಮೊದಲ ವರ್ಷ ಒಂದು ದಿನ ಬಟ್ಟೆ ಒಣಹಾಕಿ ಮೇಲೆ ಬಂದು ನಿದ್ದೆ ಹೋದೆ. ಎಚ್ಚರವಾದಾಗ ನನ್ನ ಹೊತ್ತು ಮುಗಿದು ಒಂದು ಗಂಟೆ ಆಗಿತ್ತು. ಓಡಿ ಹೋದೆ. ನನ್ನ ಬನಿಯನ್, ಅಂಗಿ, ಪಂಚೆ ಎಲ್ಲವನ್ನೂ ಯಾರೋ ಮಡಚಿ ಬುಟ್ಟಿಯಲ್ಲಿ ಇಟ್ಟಿದ್ದರು. ಚೀಟಿ ಇರಲಿಲ್ಲ. ಪಂಚೆಯನ್ನು ಹೇಗೆ ಮಡಚಬೇಕೆಂದು ಅವರಿಗೆ ಗೊತ್ತಾಗಿಲ್ಲ, ಮೇಜಿನ ಬಟ್ಟೆಯ ಹಾಗೆ ಚೌಕ ಮಾಡಿದ್ದರು. ಆ ದಿನದ ತನಕ ಈ ದೇಶದಲ್ಲಿ ನನ್ನ ಬಟ್ಟೆ ಮುಟ್ಟಿದವರು ಯಾರೂ ಇರಲಿಲ್ಲ. ಬುಟ್ಟಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಕುಂದಾಪ್ರದವ, ದುಬೈ

ಇಲ್ಲಿ ಜುಲೈ ತಿಂಗಳಲ್ಲಿ ಜೀನ್ಸ್ ಕೂಡ ನೋಡನೋಡುತ್ತಿದ್ದಂತೆ ಒಣಗುತ್ತದೆ. ಟವೆಲ್ ಹಪ್ಪಳದ ಹಾಗೆ ಗರಿಗರಿ. ತೊಂದರೆ ಇರುವುದು ಧೂಳಿನದು. ಶಮಾಲ್ ಗಾಳಿ ಎದ್ದರೆ ಬಿಳಿ ಅಂಗಿ ಮಣ್ಣಿನ ಬಣ್ಣ. ಮೇಲಾಗಿ ಹೊರಗೆ ಕಾಣುವ ಹಾಗೆ ಬಾಲ್ಕನಿಯಲ್ಲಿ ಬಟ್ಟೆ ಹಾಕಬೇಡಿ ಎಂದು ಇಲ್ಲಿನ ನಗರಸಭೆ ಆಗಾಗ ಹೇಳುತ್ತದೆ, ದಂಡವೂ ಇದೆ. ಹಾಗಾಗಿ ಇಷ್ಟು ಬಿಸಿಲಿರುವ ಊರಲ್ಲಿ ನಾವು ಎಸಿ ಹಾಕಿದ ಕೋಣೆಯಲ್ಲಿ ಬಟ್ಟೆ ಒಣಗಿಸುತ್ತೇವೆ. ನಮ್ಮ ಊರಲ್ಲಿ ಆಷಾಢದಲ್ಲಿ ಒಂದು ಗಂಟೆ ಬಿಸಿಲಿಗೆ ಅಮ್ಮ ಕಾಯುತ್ತಿದ್ದದ್ದು ನೆನಪಾಗುತ್ತದೆ.

ಅರಸೀಕೆರೆಯವನು, ಅಟ್ಲಾಂಟಾ

ನಮ್ಮ ಬಡಾವಣೆಯ ಸಂಘದ ನಿಯಮದಲ್ಲಿ ಹಿತ್ತಲಲ್ಲಿ ಹಗ್ಗ ಕಟ್ಟುವ ಹಾಗಿಲ್ಲ ಎಂದೇ ಇದೆ. ಹಗ್ಗದ ಮೇಲೆ ಬಟ್ಟೆ ಕಂಡರೆ ಮನೆಗಳ ಬೆಲೆ ಇಳಿಯುತ್ತದೆ ಎನ್ನುವ ಭಯ. ಬಟ್ಟೆ ಹೊರಗೆ ಒಣಗಿದರೆ ಬಡವರ ಕೇರಿ ಎಂಬ ಲೆಕ್ಕ. ಇದು ನನಗೆ ಇವತ್ತಿಗೂ ನುಂಗಲಾಗದ ಮಾತು.

ಇದರ ವಿರುದ್ಧ ಹೋರಾಟವೂ ನಡೆದಿದೆ. ಒಣಗಿಸುವ ಹಕ್ಕು ಎಂದೇ ಅದಕ್ಕೆ ಹೆಸರು. ಫ್ಲಾರಿಡಾದಲ್ಲಿ 1980ರಲ್ಲೇ ಕಾನೂನು ಬಂತು, ವರ್ಮಾಂಟ್‌ನಲ್ಲಿ 2009ರಲ್ಲಿ. ಆ ರಾಜ್ಯಗಳಲ್ಲಿ ಯಾವ ಸಂಘವೂ ಹಗ್ಗ ಬೇಡ ಎನ್ನುವಂತಿಲ್ಲ. ಬಿಸಿಲಲ್ಲಿ ಬಟ್ಟೆ ಒಣಗಿಸಲು ಕಾನೂನು ಬೇಕಾಗಿ ಬಂತು ಎಂದು ಊರಲ್ಲಿ ಹೇಳಿದರೆ ಅಪ್ಪ ನಂಬಲಿಲ್ಲ.

ನನ್ನ ಮಗಳು ಏಳು ವರ್ಷದ ತನಕ ಹಗ್ಗದ ಮೇಲೆ ಬಟ್ಟೆ ನೋಡಿರಲಿಲ್ಲ. ಅರಸೀಕೆರೆಗೆ ಹೋದಾಗ ಅಜ್ಜಿ ತಾರಸಿಯಲ್ಲಿ ಬೆಡ್‌ಶೀಟ್ ಹಾಕಿದ್ದರು. ಇವಳು ಎರಡು ಬೆಡ್‌ಶೀಟಿನ ನಡುವೆ ನಿಂತು, ಗಾಳಿ ಬಂದಾಗಲೆಲ್ಲ ಕಣ್ಣು ಮುಚ್ಚಿ ಮುಖ ಒಡ್ಡುತ್ತಿದ್ದಳು. ಊಟಕ್ಕೆ ಕರೆದರೂ ಬರಲಿಲ್ಲ.

ಗಂಗಾವತಿ ಸಿಸ್ಟರ್, ಗ್ಲಾಸ್ಗೋ

ಎಲ್ಲರೂ ಬಿಸಿಲು, ಹಗ್ಗ, ಗಾಳಿ ಎಂದು ಬರೆಯುತ್ತಿದ್ದೀರಿ. ಒಂದು ಮಾತು ಹೇಳಲೇಬೇಕು, ತಪ್ಪು ತಿಳಿಯಬೇಡಿ. ನಮ್ಮವ್ವ ಎಡದಂಡೆ ಕಾಲುವೆಗೆ ಹೋಗಿ ಬಟ್ಟೆ ಒಗೆದು, ಒದ್ದೆ ಗಂಟನ್ನು ತಲೆ ಮೇಲೆ ಹೊತ್ತು ತರುತ್ತಿದ್ದಳು. ಆರು ಜನರ ಬಟ್ಟೆ. ಸೋಡಾ ಹಾಕಿ ನೆನೆಸಿದ ಬಟ್ಟೆ ಉಜ್ಜಿ ಉಜ್ಜಿ ಅವಳ ಬೆರಳ ಸಂದಿ ಬಿರಿದು ರಕ್ತ ಬರುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವಾಗ ಹಲ್ಲು ಕಚ್ಚಿ ಕೂರುತ್ತಿದ್ದಳು. ನಾನು ಮೊದಲ ಸಂಬಳದಲ್ಲಿ ಕೊಡಿಸಿದ್ದು ಚಿನ್ನ ಅಲ್ಲ, ವಾಷಿಂಗ್ ಮಷಿನ್. ಅವ್ವ ಅದರ ಮುಂದೆ ಮಣೆ ಹಾಕಿಕೊಂಡು ಕೂತು, ಮುಗಿಯುವ ತನಕ ಗಾಜಿನೊಳಗೆ ತಿರುಗುವುದನ್ನೇ ನೋಡಿದಳು. ಹಾಗಾಗಿ ಮಷಿನ್ನನ್ನು, ಡ್ರೈಯರ್‌ನ್ನು ಯಾರೂ ಹಗುರವಾಗಿ ಮಾತಾಡಬೇಡಿ.

ಇನ್ನು ಒಣಗಿಸುವ ವಿಚಾರ. ಇಲ್ಲಿ ಮಳೆ ಯಾವಾಗ ಬರುತ್ತದೋ ಹೇಳಲಾಗದು. ಹಳೇ ಕಲ್ಲಿನ ಮನೆಗಳ ಅಡುಗೆಮನೆ ಸೂರಿಗೆ ಒಂದು ಸಾಧನ ಇರುತ್ತದೆ, ಸ್ಕಾಟ್‌ಲೆಂಡಿನವರು ಪುಲ್ಲಿ ಎನ್ನುತ್ತಾರೆ. ನಾಲ್ಕೈದು ಉದ್ದನೆ ಮರದ ಕೋಲು, ಎರಡು ತುದಿಗೆ ಕಬ್ಬಿಣದ ಚೌಕಟ್ಟು, ರಾಟೆ, ಹಗ್ಗ. ಕೆಳಗಿಳಿಸಿ ಬಟ್ಟೆ ಹಾಕಿ, ಹಗ್ಗ ಎಳೆದು ಸೂರಿನ ಹತ್ತಿರಕ್ಕೆ ಏರಿಸಿ ಗೋಡೆಯ ಕೊಕ್ಕೆಗೆ ಸುತ್ತಿದರೆ ಆಯಿತು. ಮನೆಯ ಬಿಸಿಯೆಲ್ಲ ಮೇಲೇ ಇರುತ್ತದಲ್ಲ, ರಾತ್ರಿ ಕಳೆಯುವಷ್ಟರಲ್ಲಿ ಒಣಗುತ್ತದೆ. ನಿಮ್ಮ ಅಮ್ಮನಿಗೆ ಇದೇ ಸರಿ ಅನಿಸುತ್ತದೆ ನೋಡಿ. ಎರಡು ಮೀಟರ್ ಉದ್ದದ್ದೂ ಸಿಗುತ್ತದೆ. ಸೀರೆಯನ್ನು ಒಂದು ಕೋಲಿನಿಂದ ಇನ್ನೊಂದಕ್ಕೆ ದಾಟಿಸಿ ಹಾಕಿದರೆ ಪದರ ಪದರ ಅಂಟುವುದಿಲ್ಲ. ಬಾಡಿಗೆ ಮನೆಯಾದರೆ ಸೂರಿಗೆ ತೂತು ಹಾಕುವ ಮೊದಲು ಮನೆಯವರನ್ನು ಕೇಳಿ.

ಸಾಗರದ ಸೀತತ್ತೆ

ಗಂಗಾವತಿ ತಂಗೀ, ನೀನು ಹೇಳಿದ್ದು ಸರಿ. ಆ ಕೈ ನಂದೂ ಹೌದು.

ನೀನು ಹೇಳಿದ ಕೋಲು ನಮ್ಮ ಮನೆಯಲ್ಲಿತ್ತಲ್ಲೇ. ನಡುಮನೆಯಲ್ಲಿ ಅಟ್ಟದ ಕೆಳಗೆ ಎರಡು ಹಗ್ಗಕ್ಕೆ ಒಂದು ಬಿದಿರು ಗಳು ಕಟ್ಟಿದ್ದರು. ಅತ್ತೆಯವರ ಮಡಿ ಸೀರೆ ಅದರ ಮೇಲೆ. ಯಾರ ಕೈಗೂ ಎಟುಕಬಾರದು ಎಂದು ಅಷ್ಟೆತ್ತರ. ಹಾಕುವುದಕ್ಕೂ ತೆಗೆಯುವುದಕ್ಕೂ ಮಡಿಕೋಲು. ಕೋಲಿನ ತುದಿಗೆ ಸೀರೆ ಸಿಕ್ಕಿಸಿ, ಮೇಲಕ್ಕೆ ಎಸೆದ ಹಾಗೆ ಮಾಡಿ, ನೆರಿಗೆ ಇಲ್ಲದೆ ಹರವುತ್ತಿದ್ದರು. ನಾನು ಮದುವೆಯಾಗಿ ಬಂದು ಅದನ್ನು ಕಲಿಯುವುದಕ್ಕೆ ಒಂದು ಮಳೆಗಾಲ ಬೇಕಾಯಿತು. ಮಡಿ ಹೆಸರಲ್ಲಿ ಯಾರನ್ನು ದೂರ ಇಟ್ಟೆವು ಎನ್ನುವುದು ಬೇರೆ ಮಾತು, ಅದು ನನಗೆ ಈಗ ನೋವು ಕೊಡುತ್ತದೆ. ನಮ್ಮ ಬಟ್ಟೆ ಒಗೆದು ಕೊಡುತ್ತಿದ್ದ ಮಡಿವಾಳರ ಹೆಂಗಸು ಅಂಗಳದಲ್ಲೇ ನಿಲ್ಲಬೇಕಿತ್ತು. ಅವಳು ಕೊಟ್ಟ ಬಟ್ಟೆ ಒಳಗೆ ಬರುತ್ತಿತ್ತು, ಅವಳು ಬರುವ ಹಾಗಿರಲಿಲ್ಲ.

ಮಳೆಗಾಲದಲ್ಲಿ ಮಾತ್ರ ಎಲ್ಲರ ಬಟ್ಟೆಗೂ ಬಚ್ಚಲ ಒಲೆಯೇ ಗತಿ. ಹಂಡೆ ಒಲೆ ಮೇಲೆ ಹಗ್ಗ. ಮಕ್ಕಳ ಯೂನಿಫಾರ್ಮ್, ಚಡ್ಡಿ, ಪಾಟೀಚೀಲ, ಎಲ್ಲ ಅಲ್ಲೇ. ಜೂನ್‌ನಿಂದ ಆಗಸ್ಟ್ ತನಕ ಶಾಲೆಯಲ್ಲಿ ಎಲ್ಲ ಮಕ್ಕಳ ಮೈಗೂ ಹೊಗೆ ವಾಸನೆ. ಯಾರಿಗೂ ಅದು ವಾಸನೆ ಅಂತ ಗೊತ್ತಾಗುತ್ತಿರಲಿಲ್ಲ. ಮಗ ಬೆಂಗಳೂರಿಗೆ ಓದಲು ಹೋದಾಗ ಪೆಟ್ಟಿಗೆ ತೆಗೆದವನು, "ಅಮ್ಮ, ಬಟ್ಟೆಯಲ್ಲಿ ಮನೆ ವಾಸನೆ ಬಂತು" ಎಂದು ಫೋನ್ ಮಾಡಿದ್ದ.

ಸ್ಟುಟ್‌ಗಾರ್ಟ್ ಮಗಳೇ, ಅಮ್ಮನಿಗೆ ಹೇಳು, ಮೊದಲು ಸೀರೆಯನ್ನು ಒಣ ಟವೆಲ್ ಒಳಗೆ ಸುರುಳಿ ಸುತ್ತಿ ಒತ್ತಲಿ. ಅರ್ಧ ನೀರು ಅಲ್ಲೇ ಹೋಗುತ್ತದೆ.

ಮಂಡ್ಯದ ಗೌಡ್ರ ಮೊಮ್ಮಗಳು, ಯೊಕೊಹಾಮಾ

ಇಲ್ಲಿ ಹವಾಮಾನ ಹೇಳುವಾಗ ಬಟ್ಟೆ ಒಣಗುವ ಸೂಚಿಯನ್ನೂ ಹೇಳುತ್ತಾರೆ. ಇವತ್ತು ಚೆನ್ನಾಗಿ ಒಣಗುತ್ತದೆ, ಇವತ್ತು ಒಳಗೇ ಹಾಕಿ, ಹೀಗೆ. ಪ್ರತಿ ಬಾಲ್ಕನಿಯಲ್ಲೂ ಉದ್ದ ಕೋಲು ಇಡುವ ಕೊಕ್ಕೆ ಇರುತ್ತದೆ. ಪಕ್ಕದ ಮನೆಯವರು ಬೆಳಿಗ್ಗೆ ಮೊದಲು ಒದ್ದೆ ಬಟ್ಟೆಯಲ್ಲಿ ಕೋಲನ್ನು ಈ ತುದಿಯಿಂದ ಆ ತುದಿಗೆ ಒರೆಸುತ್ತಾರೆ. ಆಮೇಲೆ ಹಾಸಿಗೆ ತಂದು ಹಾಕಿ, ಮಧ್ಯಾಹ್ನ ತಿರುವಿ, ಬಡಿದು ಒಳಗೆ ಒಯ್ಯುತ್ತಾರೆ. ಕೋಲು ಮಾರುವ ಸಣ್ಣ ಲಾರಿ ಕೂಡ ಕೆಲವೊಮ್ಮೆ ಬೀದಿಯಲ್ಲಿ ಬರುತ್ತದೆ, ರೆಕಾರ್ಡ್ ಮಾಡಿದ ದನಿಯಲ್ಲಿ ಎಳೆದೆಳೆದು ಕೂಗುತ್ತ. ಮೊದಲ ಸಲ ಕೇಳಿದಾಗ ನಮ್ಮೂರ ಪಾತ್ರೆ ವ್ಯಾಪಾರಿ ಬಂದ ಹಾಗಾಯಿತು.

ಫೆಬ್ರವರಿ, ಮಾರ್ಚ್‌ನಲ್ಲಿ ದೇವದಾರು ಜಾತಿಯ ಮರಗಳ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಆಗ ಬಿಸಿಲಿದ್ದರೂ ತುಂಬ ಜನ ಬಟ್ಟೆ ಒಳಗೇ ಹಾಕುತ್ತಾರೆ. ಜೂನ್‌ನಲ್ಲಿ ಜಡಿಮಳೆ, ಆಗಲೂ ಒಳಗೆ.

ಅಕ್ಕ ಹೇಳಿದ ಮುಗ್ಗಲು ವಾಸನೆ ಇಲ್ಲಿನವರಿಗೂ ದೊಡ್ಡ ತಲೆನೋವು. ಅದಕ್ಕೆ ಕಾರಣವಾದ ಒಂದು ಬ್ಯಾಕ್ಟೀರಿಯಾವನ್ನು 2012ರಲ್ಲಿ ಜಪಾನಿನ ಸಂಶೋಧಕರೇ ಗುರುತಿಸಿದರು, ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂದು. ಅದು ಬಟ್ಟೆ ಒಣಗಿದರೂ ಪೂರ್ತಿ ಸಾಯುವುದಿಲ್ಲ. ಅದಕ್ಕೇ ಒಣಗಿದ ಟವೆಲ್ ಮತ್ತೆ ಒದ್ದೆಯಾದ ಕೂಡಲೇ ಅದೇ ವಾಸನೆ. ಇಲ್ಲಿನವರು ಟವೆಲ್‌ಗಳನ್ನು ಆಗಾಗ ಬಿಸಿ ನೀರಲ್ಲಿ ನೆನೆಸುತ್ತಾರೆ. ಹತ್ತಿ ಟವೆಲ್‌ಗೆ ಸರಿ, ರೇಷ್ಮೆಗೆ ಖಂಡಿತ ಬೇಡ. ಎಲ್ಲಕ್ಕಿಂತ ಮುಖ್ಯ ಬೇಗ ಒಣಗಬೇಕು. ಬಟ್ಟೆಯ ಕೆಳಗಿನಿಂದ ಟೇಬಲ್ ಫ್ಯಾನ್ ಬಿಡಿ.

ಪುತ್ತೂರು, ಸಿಂಗಾಪುರ

ಇಲ್ಲಿನ ಕಾಯಂ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಸರ್ಕಾರ ಕಟ್ಟಿದ ಫ್ಲ್ಯಾಟ್‌ಗಳಲ್ಲಿ ಇರುತ್ತಾರೆ. ಹಳೇ ಕಟ್ಟಡಗಳಲ್ಲಿ ಅಡುಗೆಮನೆ ಕಿಟಕಿಯ ಹೊರಗೆ ಗೋಡೆಗೆ ಕೊಳವೆ ಕೂರಿಸಿದ್ದಾರೆ. ಬಟ್ಟೆ ಪೋಣಿಸಿದ ಬಿದಿರು ಕೋಲನ್ನು ಕಿಟಕಿಯಿಂದ ಹೊರಗೆ ಚಾಚಿ ಆ ಕೊಳವೆಗೆ ಸಿಕ್ಕಿಸಬೇಕು. ಹನ್ನೆರಡನೇ ಮಹಡಿಯಲ್ಲಿ ಒದ್ದೆ ಬಟ್ಟೆಯ ಕೋಲು ಹಿಡಿದು ಬಗ್ಗುವುದಕ್ಕೆ ತೋಳಲ್ಲಿ ಶಕ್ತಿ ಬೇಕು. ಪಕ್ಕದ ಮನೆಯ ಚೀನೀ ಅಜ್ಜಿ ಒಂದೇ ಕೈಯಲ್ಲಿ ಮಾಡುತ್ತಾರೆ. ಮೇಲಿನ ಮನೆಯ ನೀರು ಕೆಳಗಿನ ಮನೆಯ ಒಣಗಿದ ಬಟ್ಟೆ ಮೇಲೆ ತೊಟ್ಟಿಕ್ಕಿದರೆ ಜಗಳ. ನಾವು ಈಗ ಕೆಳಗಿನ ಮನೆಯವರಿಗೆ ಮೆಸೇಜ್ ಹಾಕಿ, ಅವರ ಬಟ್ಟೆ ತೆಗೆದ ಮೇಲೆ ನಮ್ಮದು ಹಾಕುತ್ತೇವೆ.

ಬೀದರ್, ವಿನ್ನಿಪೆಗ್

ಜನವರಿಯಲ್ಲಿ ಮೈನಸ್ 25 ಇದ್ದಾಗ ಪಕ್ಕದ ಮನೆಯ ಮುದುಕರು ಹೊರಗೆ ಬಟ್ಟೆ ಹಾಕುವುದನ್ನು ನೋಡಿ ನಾನು ಹೋಗಿ ಕೇಳಿದೆ. ಅವರು ಒಂದು ಅಂಗಿ ತೆಗೆದು ನನ್ನ ಕೈಗೆ ಕೊಟ್ಟರು. ಹಲಗೆ ಹಿಡಿದ ಹಾಗಿತ್ತು. ತೋಳು ಎರಡೂ ಚಾಚಿಕೊಂಡೇ ಇವೆ. ಎರಡು ದಿನ ಬಿಟ್ಟರೆ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗಿ ಹೋಗುತ್ತದೆ, ಉಳಿದ ತೇವ ಒಳಗೆ ಒಂದು ಗಂಟೆಯಲ್ಲಿ ಆರುತ್ತದೆ. ನಾನು ಮಾತ್ರ ಒಳಗೇ ಹಾಕುತ್ತೇನೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಎಷ್ಟು ಒಣ ಎಂದರೆ ಮೂಗಿನಲ್ಲಿ ರಕ್ತ ಬರುತ್ತದೆ. ಒದ್ದೆ ಬಟ್ಟೆ ಹಾಕಿದರೆ ಬಟ್ಟೆಯೂ ಒಣಗುತ್ತದೆ, ಉಸಿರಾಟಕ್ಕೂ ಹಿತ.

ಮಲ್ಲೇಶ್ವರದ ಮೇಷ್ಟ್ರು

ಬಿಸಿಲಲ್ಲಿ ಒಣಗಿದ ಬಟ್ಟೆಗೆ ಒಂದು ಪರಿಮಳ ಇರುತ್ತದಲ್ಲ, ಅದು ಬರೀ ನಮ್ಮ ಮನಸ್ಸಿನ ಭಾವನೆ ಅಲ್ಲ. 2020ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ಒಂದೇ ಥರ ಒಗೆದ ಟವೆಲ್‌ಗಳನ್ನು ಮೂರು ಕಡೆ ಒಣಗಿಸಿದರು. ಕತ್ತಲ ಕೋಣೆ, ನೆರಳಿನ ಬಾಲ್ಕನಿ, ಬಿಸಿಲ ಬಾಲ್ಕನಿ. ಬಿಸಿಲಲ್ಲಿ ಒಣಗಿದ ಟವೆಲ್‌ನಲ್ಲಿ ಮಾತ್ರ ಕೆಲವು ಆಲ್ಡಿಹೈಡ್ ಮತ್ತು ಕೀಟೋನ್‌ಗಳು ಸಿಕ್ಕವು. ಹೂವು, ಹಣ್ಣು, ಅತ್ತರುಗಳಲ್ಲಿರುವ ಜಾತಿಯ ರಾಸಾಯನಿಕಗಳು. ಒದ್ದೆ ನೂಲಿನ ಮೇಲೆ ಬಿಸಿಲು ಬಿದ್ದಾಗ ಅವು ಹುಟ್ಟುತ್ತವೆ. ಸೀತತ್ತೆಯವರ ಮಗನಿಗೆ ಹೊಗೆಯಲ್ಲಿ ಮನೆ ಸಿಕ್ಕಿತು, ಇನ್ನೊಬ್ಬರಿಗೆ ಬಿಸಿಲಲ್ಲಿ.

ನಮ್ಮ ಮಲ್ಲೇಶ್ವರದಲ್ಲಿ ಇವತ್ತಿಗೂ ದೋಬಿ ಘಾಟ್ ಇದೆ. ವಾಕಿಂಗ್ ಹೋಗುವಾಗ ಸಾಲು ಸಾಲು ಬಿಳಿ ಬೆಡ್‌ಶೀಟ್ ಕಂಡರೆ ನಾನು ಎರಡು ನಿಮಿಷ ನಿಲ್ಲುತ್ತೇನೆ.

ಶಿರಸಿ, ಅಡಿಲೇಡ್

ನಮ್ಮ ಹಿತ್ತಲಲ್ಲಿ ಕೊಡೆಯನ್ನು ಬಿಚ್ಚಿ ನಿಲ್ಲಿಸಿದ ಹಾಗಿರುವ ಕಬ್ಬಿಣದ ಕಂಬ ಇದೆ. ಇದೇ ಊರಿನ ಲ್ಯಾನ್ಸ್ ಹಿಲ್ 1945ರಲ್ಲಿ ಇದನ್ನು ಮಾಡಲು ಶುರು ಮಾಡಿದರು, ಹಿಲ್ಸ್ ಹಾಯಿಸ್ಟ್ ಎಂದು ಹೆಸರು. ಹಿಡಿ ತಿರುಗಿಸಿದರೆ ಮೇಲೆ ಏರುತ್ತದೆ, ಗಾಳಿ ಬಂದರೆ ತಾನೇ ಸುತ್ತುತ್ತದೆ. ಹಾಗಾಗಿ ಎಲ್ಲ ಬಟ್ಟೆಗೂ ಸರದಿಯಲ್ಲಿ ಬಿಸಿಲು ಸಿಗುತ್ತದೆ. ಸೀರೆ ಹಾಕಬೇಕೆಂದರೆ ಹೊರಗಿನ ತಂತಿಯ ಮೇಲೆ ಸುತ್ತಲೂ ಹಾಕಬೇಕು. ನನ್ನ ಹೆಂಡತಿ ಇಳಕಲ್ ಸೀರೆ ಹಾಕಿದ ದಿನ ಅದು ತಿರುಗುತ್ತಿದ್ದರೆ ಬೇಲಿ ಆಚೆಯ ಮಕ್ಕಳು ಬಂದು ನೋಡುತ್ತಾರೆ.

ತುಂಗೆಯ ಮಗಳು, ಸ್ಟುಟ್‌ಗಾರ್ಟ್

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಗಂಗಾವತಿ ಅವರ ಅವ್ವನ ಕೈ ವಿಷಯ ಬಂದಾಗ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಏನೂ ಮಾತಾಡಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಕಟ್ಟಡದ ಹಿಂದೆ ಹುಲ್ಲಿನ ಅಂಗಳದಲ್ಲಿ ಎರಡು ಕಬ್ಬಿಣದ ಕಂಬಗಳಿವೆ. ಆರು ವರ್ಷದಿಂದ ನೋಡುತ್ತಿದ್ದೇನೆ, ಏತಕ್ಕೆಂದು ಕೇಳಿರಲಿಲ್ಲ. ನಿನ್ನೆ ಕೆಳಗಿನ ಮನೆಯ ಅಜ್ಜಿಯನ್ನು ಕೇಳಿದೆ. ಅವರು 1970ರಲ್ಲಿ ಆಗಿನ ಯುಗೊಸ್ಲಾವಿಯಾದಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವರು. "ಬಟ್ಟೆಗೇ" ಎಂದರು. ಮೊದಲು ಎಲ್ಲರೂ ಅಲ್ಲೇ ಹಾಕುತ್ತಿದ್ದರಂತೆ, ಒಬ್ಬೊಬ್ಬರೇ ಬಿಟ್ಟರಂತೆ. ಒಳಗೆ ಹೋಗಿ ಹಗ್ಗದ ಸುರುಳಿ ತಂದು ಕೊಟ್ಟರು. ಜೊತೆಗೆ ಮರದ ಕ್ಲಿಪ್ ತುಂಬಿದ ಒಂದು ಬಟ್ಟೆ ಚೀಲ.

ಇವತ್ತು ಬಿಸಿಲಿತ್ತು, ಒಳ್ಳೆ ಗಾಳಿ. ಅಮ್ಮ ಸೀರೆ ತಂದು ಕೊಡವಲು ನೋಡಿದರು, ಒಬ್ಬರ ಕೈಯಲ್ಲಿ ಆಗಲಿಲ್ಲ. ನಾನು ಕ್ಲಿಪ್ ಚೀಲ ಇಟ್ಟು ಹೋಗುವಷ್ಟರಲ್ಲಿ ಅಜ್ಜಿ ಬಂದು ಇನ್ನೊಂದು ತುದಿ ಹಿಡಿದಿದ್ದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ಅಮ್ಮ ಹಿಂದೆ ಹಿಂದೆ ಹೋದರು, ಅಜ್ಜಿ ಆ ಕಡೆ ಹೋದರು, ಸೀರೆ ಪೂರ್ತಿ ಬಿಚ್ಚಿಕೊಂಡಿತು. ಇಬ್ಬರೂ ಒಟ್ಟಿಗೆ ಮೇಲೆತ್ತಿ ಪಟ್ಟೆಂದು ಕೊಡವಿದರು. ನೀರ ಹನಿ ಹುಲ್ಲಿನ ಮೇಲೆಲ್ಲ ಹಾರಿತು. ಇನ್ನೊಂದು ಸಲ. ಅಜ್ಜಿಯ ಹೆಬ್ಬೆರಳು ಅಂಚನ್ನು ಮಡಚಿ ಹಿಡಿದ ರೀತಿ ನೋಡಿದೆ, ಅಮ್ಮ ಹಿಡಿದದ್ದೂ ಹಾಗೇ. ಎರಡು ಗಂಟೆಯಲ್ಲಿ ಸೀರೆ ಒಣಗಿತು. ಮಡಚುವುದಕ್ಕೂ ಅಜ್ಜಿಯೇ ಬಂದರು.

ಸಾಗರದ ಸೀತತ್ತೆ

ಒಳ್ಳೇದಾಯಿತು ಮಗಾ. ಬಣ್ಣದ ಸೀರೆಯಾದರೆ ಒಳಮೈ ಹೊರಗೆ ಮಾಡಿ ಹಾಕಲು ಹೇಳು, ಬಿಸಿಲಿಗೆ ಮಾಸುತ್ತದೆ. ಆ ಅಜ್ಜಿಗೆ ಕಾಫಿ ಕೊಟ್ಟಿರಾ?

ತುಂಗೆಯ ಮಗಳು, ಸ್ಟುಟ್‌ಗಾರ್ಟ್

ಕೊಟ್ಟೆವು ಅತ್ತೆ. ಅಮ್ಮ ತಂದ ಕೋಡುಬಳೆಯೂ ಕೊಟ್ಟೆವು. ನಾಳೆ ಅವರ ಬೆಡ್‌ಶೀಟ್ ಇದೆಯಂತೆ, ಹತ್ತು ಗಂಟೆಗೆ ಬರಲು ಅಮ್ಮನಿಗೆ ಕೈಸನ್ನೆ ಮಾಡಿ ಹೋಗಿದ್ದಾರೆ.